ಬೆಳಿಗ್ಗೆ ಹಾಕಿದ ಸೆಂಟು ಸಂಜೆವರೆಗೂ ಇರಬೇಕೆ? ದಾವಣಗೆರೆಯ ಬಿಸಿಲಿಗೆ ತಕ್ಕ ಕ್ರಮ

ಮಾರ್ಚ್ ಬಂತೆಂದರೆ ದಾವಣಗೆರೆಯಲ್ಲಿ ಈ ದೂರು ಶುರುವಾಗುತ್ತದೆ. "ಅಷ್ಟು ದುಡ್ಡು ಕೊಟ್ಟು ತಂದೆ, ಆಫೀಸು ಮುಟ್ಟೋದರೊಳಗೆ ವಾಸನೆನೇ ಇಲ್ಲ." ಬಾಟಲಿ ನಕಲಿ ಇರಬೇಕು ಎಂದು ಎಲ್ಲರಿಗೂ ಅನುಮಾನ. ಕೆಲವು ಸಲ ಅದು ನಿಜವೂ ಹೌದು. ಆದರೆ ಬಹಳಷ್ಟು ಸಲ ಬಾಟಲಿ ಸರಿಯಾಗೇ ಇರುತ್ತದೆ. ಆರಿಸಿಕೊಂಡ ಘಮ ನಮ್ಮ ಬಿಸಿಲಿಗೆ ಒಗ್ಗುವಂಥದ್ದಲ್ಲ, ಇಲ್ಲವೇ ಮೈ ಒಣಗಿರುತ್ತದೆ, ಇಲ್ಲವೇ ಹಾಕುವ ಜಾಗ ತಪ್ಪಿರುತ್ತದೆ. ಆಗ ಜನ ಮಾಡುವ ಮೊದಲ ಕೆಲಸ ಇನ್ನೂ ನಾಲ್ಕು ಸಲ ಒತ್ತುವುದು. ಅದರಿಂದ ಮೊದಲ ಅರ್ಧ ಗಂಟೆ ಪಕ್ಕದವರ ತಲೆ ಸಿಡಿಯುತ್ತದೆ, ಹನ್ನೊಂದು ಗಂಟೆಗೆ ಮತ್ತೆ ಅದೇ ದೂರು.

ಕಡಿಮೆ ಹಾಕಿ ಹೆಚ್ಚು ಹೊತ್ತು ಉಳಿಸಿಕೊಳ್ಳಲು ಸಾಧ್ಯ. ಒಂದು ಕೈಯಳತೆ ದೂರದಲ್ಲಿ ನಿಂತವರಿಗೆ ಹಿತವಾಗಿ ತಿಳಿಯಬೇಕು, ಕೋಣೆಗೆಲ್ಲ ಹರಡಬಾರದು, ಸಂಜೆ ಮನೆಗೆ ಬಂದಾಗಲೂ ಸ್ವಲ್ಪ ಉಳಿದಿರಬೇಕು. ಇದನ್ನು ಗುರಿ ಇಟ್ಟುಕೊಂಡು ಮುಂದೆ ಓದಿ.

ಮೊದಲು ಬಾಟಲಿಯ ಮೇಲೆ ಬರೆದದ್ದನ್ನು ಓದಿ

ಡಿಯೋ, ಬಾಡಿ ಸ್ಪ್ರೇ, ಪರ್ಫ್ಯೂಮ್ ಎಲ್ಲವನ್ನೂ ನಾವು ಸೆಂಟು ಅಂತಲೇ ಕರೆಯುತ್ತೇವೆ. ಒಳಗಿನ ಸರಕು ಮಾತ್ರ ಬೇರೆ ಬೇರೆ. ಬಾಟಲಿಯಲ್ಲಿ ಸುವಾಸನೆಯ ಎಣ್ಣೆ ಎಷ್ಟಿದೆ, ಉಳಿದದ್ದು ಆಲ್ಕೋಹಾಲ್ ಎಷ್ಟು ಅನ್ನುವುದೇ ಮುಖ್ಯ ಲೆಕ್ಕ. 'ಓ ಡಿ ಕೊಲೋನ್' ಎಂದಿದ್ದರೆ ಎಣ್ಣೆ ಸಾಮಾನ್ಯವಾಗಿ ಶೇ. 2ರಿಂದ 5. 'ಓ ಡಿ ಟ್ವಾಲೆಟ್', ಅಂದರೆ ಅಂಗಡಿಯವರು ಇಡಿಟಿ ಎನ್ನುವುದು, ಶೇ. 5ರಿಂದ 15. 'ಓ ಡಿ ಪರ್ಫ್ಯೂಮ್' ಅಥವಾ ಇಡಿಪಿ ಶೇ. 15ರಿಂದ 20. ಬರೀ 'ಪರ್ಫ್ಯೂಮ್' ಅಥವಾ 'ಎಕ್ಸ್‌ಟ್ರೇ' ಎಂದಿದ್ದರೆ ಶೇ. 20ಕ್ಕಿಂತ ಜಾಸ್ತಿ. ಈ ಅಂಕಿಗಳು ಕಂಪನಿಯಿಂದ ಕಂಪನಿಗೆ ಹೆಚ್ಚುಕಡಿಮೆ ಆಗುತ್ತವೆ, ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ದಿನವಿಡೀ ಹೊರಗೆ ಓಡಾಡುವವರು ಇಡಿಪಿ ಕೊಂಡರೆ ಒಳ್ಳೆಯದು. ಬಾಡಿ ಸ್ಪ್ರೇ ಸಂಜೆವರೆಗೆ ಇರಲಿ ಎಂದು ಬಯಸುವುದು ನ್ಯಾಯವಲ್ಲ. ಅದರ ಕೆಲಸ ಒಂದೆರಡು ಗಂಟೆಯದು.

ಆದರೆ ಇಡಿಪಿ ಎಂದು ಬರೆದ ಮಾತ್ರಕ್ಕೆ ಎಲ್ಲವೂ ಬಾಳಿಕೆ ಬರುವುದಿಲ್ಲ. ಅದಕ್ಕೆ ಕಾರಣ ಘಮದ ಜಾತಿ.

ಯಾವ ಘಮ ನಿಲ್ಲುತ್ತದೆ, ಯಾವುದು ಹಾರುತ್ತದೆ

ಈ ಭಾಗವನ್ನು ಸಾವಧಾನವಾಗಿ ಓದಿ. ಇದು ತಿಳಿದರೆ ಅರ್ಧ ದುಡ್ಡು ಉಳಿಯುತ್ತದೆ.

ಪ್ರತಿ ಪರ್ಫ್ಯೂಮಿನಲ್ಲೂ ಮೂರು ಪದರ ಇರುತ್ತವೆ. ಒತ್ತಿದ ಕೂಡಲೇ ಮೂಗಿಗೆ ಬಡಿಯುವುದು ಮೇಲಿನ ಪದರ. ನಿಂಬೆ, ಕಿತ್ತಳೆ, ಬರ್ಗಮಾಟ್, ಪುದೀನದಂಥ ಹಗುರ ವಾಸನೆಗಳು ಇಲ್ಲಿರುತ್ತವೆ. ಇವುಗಳ ಅಣುಗಳು ಸಣ್ಣವು, ಬೇಗ ಆವಿಯಾಗುತ್ತವೆ. ಹದಿನೈದು ನಿಮಿಷದಿಂದ ಅರ್ಧ ಗಂಟೆಯೊಳಗೆ ಹೆಚ್ಚಿನ ಪಾಲು ಹೋಗಿಬಿಡುತ್ತದೆ. ಆಮೇಲೆ ನಡುವಿನ ಪದರ ಬರುತ್ತದೆ. ಲ್ಯಾವೆಂಡರ್, ಏಲಕ್ಕಿ, ಜಾಯಿಕಾಯಿ, ಹೂವಿನ ಘಮಗಳು ಇಲ್ಲಿ. ಇದು ಮೂರ್ನಾಲ್ಕು ಗಂಟೆ ಇರುತ್ತದೆ. ಕೊನೆಗೆ ಉಳಿಯುವುದು ತಳದ ಪದರ. ಗಂಧ, ಲಾವಂಚ, ಪಚೋಲಿ, ಅಗರು, ಆಂಬರ್, ಕಸ್ತೂರಿಯಂಥ ಮಸ್ಕ್, ವೆನಿಲಾ. ಇವುಗಳ ಅಣುಗಳು ಭಾರ, ಚರ್ಮವನ್ನು ಬಿಟ್ಟು ಸುಲಭಕ್ಕೆ ಏಳುವುದಿಲ್ಲ.

ಏಪ್ರಿಲ್‌ನಲ್ಲಿ ನಮ್ಮಲ್ಲಿ ಪಾದರಸ 38 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಆ ಕಾವಿಗೆ ಮೇಲಿನ ಪದರ ಇನ್ನೂ ಬೇಗ ಹಾರುತ್ತದೆ. ಹಾಗಾಗಿ ಪೂರ್ತಿ ನಿಂಬೆ, ಸಮುದ್ರದ ಗಾಳಿ ಎಂದು ಹೇಳಿ ಮಾರುವ ಫ್ರೆಶ್ ಸೆಂಟುಗಳು ಬೇಸಿಗೆಗೆ ಹಿತವಾಗಿದ್ದರೂ ಬಾಳಿಕೆ ಕಡಿಮೆ. ಗಂಧ, ಲಾವಂಚ ತಳದಲ್ಲಿದ್ದು ಮೇಲೆ ಸ್ವಲ್ಪ ನಿಂಬೆ ಇರುವಂಥದ್ದು ನಮ್ಮ ಊರಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಅದರಲ್ಲೂ ಲಾವಂಚ. ಅದರ ಬೇರಿನ ಪರದೆ ಕಟ್ಟಿ, ನೀರು ಚಿಮುಕಿಸಿ ಮನೆ ತಂಪು ಮಾಡಿಕೊಂಡವರು ನಮ್ಮ ಹಿರಿಯರು. ಒದ್ದೆ ಮಣ್ಣಿನ ಹಾಗೆ ತಂಪಾದ ಘಮ ಅದು, ಗಂಟೆಗಟ್ಟಲೆ ನಿಲ್ಲುತ್ತದೆ. ಬಾಕ್ಸಿನ ಮೇಲೆ 'ವೆಟಿವರ್' ಎಂದು ಬರೆದಿದ್ದರೆ ಅದು ಇದೇ ಲಾವಂಚ.

ಗಂಧದ ಬಗ್ಗೆ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತಾಗ, 1916ರಲ್ಲಿ ಮೈಸೂರಿನಲ್ಲಿ ಸರ್ಕಾರವೇ ಗಂಧದೆಣ್ಣೆ ಕಾರ್ಖಾನೆ ಶುರು ಮಾಡಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. ಆ ಎಣ್ಣೆಯಲ್ಲಿರುವ ಸ್ಯಾಂಟಲಾಲ್ ಎಂಬ ಅಂಶ ತುಂಬಾ ನಿಧಾನಕ್ಕೆ ಆವಿಯಾಗುತ್ತದೆ. ತಾನೂ ಉಳಿಯುತ್ತದೆ, ಜೊತೆಗಿದ್ದ ಹಗುರ ಘಮಗಳನ್ನೂ ಸ್ವಲ್ಪ ಹಿಡಿದಿಡುತ್ತದೆ. ಉತ್ತರ ಪ್ರದೇಶದ ಕನೌಜಿನ ಅತ್ತರು ಮಾಡುವವರು ಗುಲಾಬಿ, ಮಲ್ಲಿಗೆಗಳ ಆವಿಯನ್ನು ಗಂಧದೆಣ್ಣೆಯೊಳಗೇ ಇಳಿಸುತ್ತಿದ್ದುದು ಇದಕ್ಕೇ. ಈಗ ಗಂಧದೆಣ್ಣೆ ಬಲು ತುಟ್ಟಿ. ಆದ್ದರಿಂದ ಕಡಿಮೆ ಬೆಲೆಯ ಬಾಟಲಿಯಲ್ಲಿ ಗಂಧ ಎಂದು ಬರೆದಿದ್ದರೆ ಅದು ಕಾರ್ಖಾನೆಯಲ್ಲಿ ತಯಾರಾದ ಅಂಥದೇ ವಾಸನೆ ಎಂದು ತಿಳಿಯಿರಿ. ಅದು ಕೆಟ್ಟದ್ದೇನಲ್ಲ, ಬಾಳಿಕೆಯೂ ಚೆನ್ನಾಗಿರುತ್ತದೆ.

ಅಂಗಡಿಯಲ್ಲಿ ಅವಸರ ಬೇಡ

ಅಂಗಡಿಯಲ್ಲಿ ಕಾಗದದ ಪಟ್ಟಿಗೆ ಹೊಡೆದು ಮೂಸಿ, ಚೆನ್ನಾಗಿದೆ ಎಂದು ತಕ್ಷಣ ಬಿಲ್ ಮಾಡಿಸುವವರೇ ಜಾಸ್ತಿ. ಆಗ ನೀವು ಮೂಸಿದ್ದು ಮೇಲಿನ ಪದರ ಮಾತ್ರ, ಅರ್ಧ ಗಂಟೆಯಲ್ಲಿ ಹೋಗುವಂಥದ್ದು. ಸಂಜೆವರೆಗೆ ಜೊತೆಗಿರುವ ಘಮ ಯಾವುದೆಂದು ನಿಮಗಿನ್ನೂ ಗೊತ್ತೇ ಇಲ್ಲ.

ಹೀಗೆ ಮಾಡಿ. ಎಡಗೈ ಮಣಿಕಟ್ಟಿಗೆ ಒಂದು, ಎಡ ಮೊಣಕೈ ಒಳಭಾಗಕ್ಕೆ ಇನ್ನೊಂದು, ಹೀಗೆ ಎರಡು ಬಗೆ ಮಾತ್ರ ಹಾಕಿಸಿಕೊಳ್ಳಿ. ಅಂಗಡಿಯಿಂದ ಹೊರಗೆ ಬನ್ನಿ. ಮಂಡಿಪೇಟೆಯಲ್ಲಿ ನಿಮ್ಮ ಬೇರೆ ಕೆಲಸ ಮುಗಿಸಿ, ಬೆಣ್ಣೆದೋಸೆ ತಿನ್ನಿ. ಎಡಗೈಗೇ ಹಾಕಿಸಿಕೊಳ್ಳಿ ಎಂದದ್ದು ಇದಕ್ಕೇ. ಬಲಗೈಗೆ ಬೆಣ್ಣೆಯ ವಾಸನೆ ಹತ್ತಿದ ಮೇಲೆ ಯಾವ ಸೆಂಟಿನ ಪರೀಕ್ಷೆಯೂ ನಡೆಯುವುದಿಲ್ಲ. ಒಂದು ಗಂಟೆ ಬಿಟ್ಟು ಮೂಸಿ, ಮೂರು ಗಂಟೆ ಬಿಟ್ಟು ಮತ್ತೆ ಮೂಸಿ. ಮೂರನೇ ಗಂಟೆಯ ಘಮ ಇಷ್ಟವಾದರೆ ಮಾತ್ರ ವಾಪಸು ಹೋಗಿ ಕೊಳ್ಳಿ. ನಡುವೆ ಮೂಗಿಗೆ ಆಯಾಸ ಆಯಿತು ಎನ್ನಿಸಿದರೆ ನಿಮ್ಮ ಅಂಗಿಯ ತೋಳನ್ನೇ ಮೂಸಿ. ಅಂಗಡಿಯಲ್ಲಿ ಕಾಫಿ ಬೀಜ ಕೊಡುತ್ತಾರೆ, ಅದೇ ಬೇಕೆಂದೇನಿಲ್ಲ.

ಸಿಕ್ಕಿದರೆ ಮೊದಲು 10 ಅಥವಾ 20 ಮಿಲಿಯ ಚಿಕ್ಕ ಬಾಟಲಿ ಕೊಳ್ಳಿ. ಒಂದು ಒತ್ತಿಗೆ ಸುಮಾರು 0.1 ಮಿಲಿ ಹೊರಬರುತ್ತದೆ. ಅಂದರೆ 10 ಮಿಲಿಯಲ್ಲಿ ಸುಮಾರು ನೂರು ಒತ್ತು, ದಿನಕ್ಕೆ ಮೂರರಂತೆ ಒಂದು ತಿಂಗಳು. ಅದೇ ಲೆಕ್ಕದಲ್ಲಿ 100 ಮಿಲಿ ಬಾಟಲಿ ಹನ್ನೊಂದು ತಿಂಗಳಷ್ಟು ಬರುತ್ತದೆ. ಬೆಲೆಯನ್ನು ದಿನಗಳಿಗೆ ಭಾಗಿಸಿ ನೋಡಿದರೆ, ಎರಡು ವಾರಕ್ಕೊಂದು ಡಿಯೋ ಡಬ್ಬಿ ಖಾಲಿ ಮಾಡುವುದಕ್ಕಿಂತ ಒಂದು ಒಳ್ಳೆಯ ಇಡಿಪಿ ಅಗ್ಗವಾಗುವುದೂ ಉಂಟು.

ನಕಲಿಯ ಭಯವಿದ್ದರೆ ಬಾಕ್ಸಿನ ಮೇಲಿನ ಬ್ಯಾಚ್ ನಂಬರ್, ಬಾಟಲಿಯ ತಳದ ಬ್ಯಾಚ್ ನಂಬರ್ ಎರಡನ್ನೂ ಹೋಲಿಸಿ. ಬೇರೆ ಬೇರೆ ಇದ್ದರೆ ಬೇಡ. ದೊಡ್ಡ ಹೆಸರಿನ ಬಾಟಲಿ ಕಾಲು ಬೆಲೆಗೆ ಸಿಕ್ಕರೂ ಬೇಡ.

ಮೈ ಒಣಗಿದ್ದರೆ ಸೆಂಟು ನಿಲ್ಲುವುದಿಲ್ಲ

ಖಾರ ಮಂಡಕ್ಕಿ ಮಾಡುವುದನ್ನು ನೋಡಿದ್ದೀರಲ್ಲ? ಎಣ್ಣೆ ಸವರಿದ ಮೇಲೆಯೇ ಮಂಡಕ್ಕಿಗೆ ಖಾರದ ಪುಡಿ ಅಂಟುವುದು. ಚರ್ಮದ್ದೂ ಅದೇ ಲೆಕ್ಕ. ಸ್ವಲ್ಪ ಜಿಡ್ಡು, ತೇವ ಇರುವ ಚರ್ಮ ಸುವಾಸನೆಯ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಣ ಚರ್ಮದಿಂದ ಅದು ಬೇಗ ಹಾರಿಹೋಗುತ್ತದೆ.

ನಮ್ಮದು ಬಯಲುಸೀಮೆ, ಗಾಳಿ ಒಣ. ಚಿತ್ರದುರ್ಗದ ಕಡೆ ಇನ್ನೂ ಒಂದು ಕೈ ಮೇಲು. ಜೋಗಿಮಟ್ಟಿಯ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಆ ಗಾಳಿಯಲ್ಲಿ ಚಳಿಗಾಲಕ್ಕೆ ಕೈಕಾಲು ಬಿರಿಯುತ್ತವೆ. ದುರ್ಗದವರು ಸೆಂಟಿಗಿಂತ ಮೊದಲು ಮಾಯಿಶ್ಚರೈಸರ್‌ಗೆ ದುಡ್ಡು ಹಾಕಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಸ್ನಾನ ಆದ ಮೇಲೆ ಮೈಯನ್ನು ಉಜ್ಜಿ ಉಜ್ಜಿ ಒರೆಸಬೇಡಿ, ಟವೆಲ್ ಒತ್ತಿ ನೀರು ತೆಗೆಯಿರಿ. ಮೈ ಸ್ವಲ್ಪ ಹಸಿ ಇರುವಾಗಲೇ ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಎದೆ, ಕತ್ತಿನ ಬುಡ, ಮೊಣಕೈ ಒಳಭಾಗ ಇಷ್ಟಾದರೂ ಸಾಕು. ಮಾಯಿಶ್ಚರೈಸರ್ ಇಲ್ಲದಿದ್ದರೆ ಕಡಲೆಕಾಳಿನಷ್ಟು ಪೆಟ್ರೋಲಿಯಂ ಜೆಲ್ಲಿ ಸವರಿ. ಕೊಬ್ಬರಿ ಎಣ್ಣೆಯೂ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ತನ್ನದೇ ವಾಸನೆ ಇದೆ, ಬಿಸಿಲಿಗೆ ಅದೂ ಏಳುತ್ತದೆ, ಅಂಗಿಗೂ ಜಿಡ್ಡು ಹತ್ತುತ್ತದೆ. ಎರಡು ಮೂರು ನಿಮಿಷ ಬಿಟ್ಟು ಸೆಂಟು ಹಾಕಿ.

ಸೋಪು, ಪೌಡರ್, ತಲೆಗೆ ಹಚ್ಚುವ ಎಣ್ಣೆ, ಡಿಯೋ ಒಂದೊಂದೂ ಒಂದೊಂದು ವಾಸನೆಯದ್ದಾದರೆ ಒಳ್ಳೆಯ ಪರ್ಫ್ಯೂಮ್ ಕೂಡ ಕಲಸುಮೇಲೋಗರ ಆಗುತ್ತದೆ. ಗಂಧದ ಸೋಪು ಬಳಸುವವರಿಗೆ ಗಂಧ, ಲಾವಂಚದ ಸೆಂಟು ಸಲೀಸಾಗಿ ಹೊಂದುತ್ತದೆ. ಬೇರೆ ಬಗೆ ಇಷ್ಟವಿದ್ದರೆ ಸೋಪು, ಡಿಯೋ ಎರಡನ್ನೂ ಮಂದ ವಾಸನೆಯದಕ್ಕೆ ಬದಲಿಸಿ.

ಇನ್ನು ಬೆವರು. ಹೊಸ ಬೆವರಿಗೆ ಹೆಚ್ಚುಕಡಿಮೆ ವಾಸನೆಯೇ ಇರುವುದಿಲ್ಲ. ಕಂಕುಳಲ್ಲಿರುವ ಬ್ಯಾಕ್ಟೀರಿಯಾ ಆ ಬೆವರನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಅದರ ಮೇಲೆ ಪರ್ಫ್ಯೂಮ್ ಹೊಡೆದರೆ ಎರಡೂ ಸೇರಿ ಮೂರನೆಯದೊಂದು ವಾಸನೆ ಆಗುತ್ತದೆ, ಅದು ಯಾರಿಗೂ ಬೇಡ. ಕಂಕುಳಿಗೆ ಸೋಪು, ನೀರು, ಆಮೇಲೆ ಆಂಟಿಪರ್ಸ್ಪಿರೆಂಟ್, ಅಂದರೆ ಬೆವರನ್ನೇ ತಡೆಯುವಂಥದ್ದು. ಅದನ್ನು ರಾತ್ರಿ ಮಲಗುವ ಮುಂಚೆ ಒಣ ಚರ್ಮಕ್ಕೆ ಹಚ್ಚಿದರೆ ಹೆಚ್ಚು ಪರಿಣಾಮ. ಪರ್ಫ್ಯೂಮನ್ನು ಕಂಕುಳಿಗೆ ಹಾಕಲೇಬೇಡಿ. ಶೇವ್ ಮಾಡಿದ ಕೂಡಲೇ ಗಲ್ಲಕ್ಕೂ ಬೇಡ, ಉರಿ ಕಿತ್ತು ಬರುತ್ತದೆ.

ಎಲ್ಲಿಗೆ, ಎಷ್ಟು, ಹೇಗೆ

ಮೈಗಿಂತ ಒಂದು ಗೇಣು ದೂರ, ಸುಮಾರು 20 ಸೆಂಟಿಮೀಟರಿನಿಂದ ಒತ್ತಿ. ಎದೆಗೆ ಒಂದು, ಕತ್ತಿನ ಹಿಂದೆ ಕಾಲರ್ ಕೆಳಗೆ ಒಂದು, ಮೊಣಕೈ ಒಳಭಾಗಕ್ಕೆ ಒಂದು. ಇಡಿಪಿಗೆ ಮೂರು ಸಾಕು. ಇಡಿಟಿ ಆದರೆ ನಾಲ್ಕೈದು. ಕಡು ಬೇಸಿಗೆಯಲ್ಲಿ ಗಡಸು ಆಂಬರ್, ಅಗರಿನ ಸೆಂಟಾದರೆ ಎರಡಕ್ಕೇ ನಿಲ್ಲಿಸಿ, ಯಾಕೆಂದರೆ ಕಾವು ಅದನ್ನು ಇಮ್ಮಡಿ ಮಾಡುತ್ತದೆ. ಒಂದು ನಿಮಿಷ ಹಾಗೇ ಆರಲು ಬಿಟ್ಟು ಅಂಗಿ ತೊಡಿ.

ಮಣಿಕಟ್ಟಿಗೆ ಹಾಕಿ ಎಂದು ಎಲ್ಲ ಕಡೆ ಹೇಳುತ್ತಾರೆ. ದಿನಕ್ಕೆ ಹತ್ತು ಸಲ ಕೈ ತೊಳೆಯುವವರಿಗೆ ಅದು ದಂಡ. ಹಾಕಿದರೂ ಎರಡು ಮಣಿಕಟ್ಟನ್ನು ಪರಸ್ಪರ ತಿಕ್ಕಬೇಡಿ. ತಿಕ್ಕಿದ ಬಿಸಿಗೆ ಮೇಲಿನ ಪದರ ಬೇಗ ಹೋಗುತ್ತದೆ.

ಬೈಕಿನವರಿಗೆ ಒಂದು ಮಾತು. ಕಿವಿಯ ಹಿಂದೆ, ಗದ್ದದ ಕೆಳಗೆ ಹಾಕಿ ಹೆಲ್ಮೆಟ್ ಬಿಗಿದರೆ ಬೆವರು, ಸೆಂಟು ಎರಡೂ ಹೆಲ್ಮೆಟ್ಟಿನ ಸ್ಪಂಜಿಗೆ ಇಳಿಯುತ್ತವೆ. ಒಂದು ತಿಂಗಳಲ್ಲಿ ಹೆಲ್ಮೆಟ್ ಹಾಕಿದರೆ ತಲೆನೋವು ಬರುವ ಹಾಗಾಗುತ್ತದೆ. ನೀವು ಎದೆಗೆ, ಬೆನ್ನಿನ ಮೇಲ್ಭಾಗಕ್ಕೆ ಹಾಕಿ. ಬಟ್ಟೆಯೊಳಗಿದ್ದರೆ ಗಾಳಿಗೂ ಹಾರುವುದಿಲ್ಲ, ಬಿಸಿಲೂ ತಾಗುವುದಿಲ್ಲ. ಬಿಸಿಲು ಯಾಕೆ ಮುಖ್ಯ ಎಂದರೆ, ಬರ್ಗಮಾಟಿನಂಥ ಕೆಲವು ಹುಳಿಹಣ್ಣುಗಳ ಎಣ್ಣೆ ಬಿದ್ದ ಚರ್ಮಕ್ಕೆ ನೇರ ಬಿಸಿಲು ತಾಗಿದರೆ ಕಪ್ಪು ಕಲೆ ಬೀಳುವ ಸಾಧ್ಯತೆ ಇದೆ. ಹೊಲ, ಸೈಟು, ಮಾರ್ಕೆಟಿಂಗ್ ಕೆಲಸ ಎಂದು ಬಿಸಿಲಲ್ಲೇ ಇರುವವರು ತೆರೆದ ಕತ್ತಿಗೆ ಹಾಕದಿರುವುದೇ ಕ್ಷೇಮ.

ಬಟ್ಟೆಗೆ ಹಾಕಬಹುದೇ? ಖಂಡಿತ ಹಾಕಬಹುದು. ಹತ್ತಿ ಬಟ್ಟೆಯ ಮೇಲೆ ಘಮ ಮೈಗಿಂತ ಜಾಸ್ತಿ ಹೊತ್ತು ಇರುತ್ತದೆ, ಯಾಕೆಂದರೆ ಅಲ್ಲಿ ಮೈಯ ಬಿಸಿ ಕಡಿಮೆ. ಹತ್ತಿ ಗಿರಣಿಗಳಿಂದ ಹೆಸರಾದ ಊರಿನವರು ನಾವು, ಹತ್ತಿ ಅಂಗಿಗೆ ನಮ್ಮಲ್ಲಿ ಬರವಿಲ್ಲ. ಅಂಗಿಯ ಒಳಮೈಗೆ, ಭುಜದ ಹೊಲಿಗೆಯ ಹತ್ತಿರ ಒಂದು ಒತ್ತು ಹಾಕಿ. ಇಸ್ತ್ರಿ ಆದ ಮೇಲೆ ಹಾಕಿ, ಮೊದಲು ಬೇಡ. ಬಿಳಿ ಪಂಚೆ, ರೇಷ್ಮೆ ಶಲ್ಯ, ಬಿಳಿ ಅಂಗಿಯ ಎದೆಭಾಗಕ್ಕೆ ಮಾತ್ರ ಬೇಡ. ಬಣ್ಣ ಗಾಢವಾದ ಪರ್ಫ್ಯೂಮ್ ಹಳದಿ ಕಲೆ ಬಿಡುತ್ತದೆ, ರೇಷ್ಮೆಯಿಂದ ಅದನ್ನು ತೆಗೆಯುವುದು ಕಷ್ಟ. ಮಳೆಗಾಲದಲ್ಲಿ ಸರಿಯಾಗಿ ಒಣಗದೆ ಮುಗ್ಗಲು ವಾಸನೆ ಬಂದ ಬಟ್ಟೆಯನ್ನು ಸೆಂಟಿನಿಂದ ಮುಚ್ಚಲು ಹೋಗಬೇಡಿ, ಮತ್ತೆ ಒಗೆಯಿರಿ.

ಎಲ್ಲಿಗೆ ಹೊರಟಿದ್ದೀರಿ ಎಂಬುದನ್ನೂ ನೋಡಿ

ಆಫೀಸು, ಕಾಲೇಜು, ಹರಿಹರದ ಬಸ್ಸು ಇವಕ್ಕೆಲ್ಲ ಎರಡು ಮೂರು ಒತ್ತಿನ ಗಂಧ, ಲಾವಂಚ ಸಾಕು. ತುಂಬಿದ ಬಸ್ಸಿನಲ್ಲಿ ಗಡಸು ಸೆಂಟಿನಿಂದ ವಾಂತಿ ಬರುವವರಿರುತ್ತಾರೆ.

ಆಸ್ಪತ್ರೆಗೆ ಹೋಗುವಾಗ ಪೂರ್ತಿ ಬಿಡಿ. ನಮ್ಮದು ಆಸ್ಪತ್ರೆಗಳ ಊರೂ ಹೌದು. ಜೆಜೆಎಂ ಮೆಡಿಕಲ್ ಕಾಲೇಜು 1965ರಿಂದ ಇದೆ, ಸುತ್ತಲ ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ. ಆಸ್ತಮಾ, ಮೈಗ್ರೇನ್ ಇರುವವರಿಗೆ ಗಾಢ ವಾಸನೆಯಿಂದಲೇ ತೊಂದರೆ ಶುರುವಾಗಬಹುದು. ರೋಗಿಯನ್ನು ನೋಡಲು ಹೋಗುವ ದಿನ, ವಾರ್ಡಿನಲ್ಲಿ ಕೆಲಸ ಇರುವ ದಿನ ಸ್ನಾನದ ಸೋಪಿನ ವಾಸನೆಯೇ ಸಾಕು. ಮನೆಯಲ್ಲಿ ಹಸುಗೂಸು ಇದ್ದರೆ ಕತ್ತು, ಭುಜಕ್ಕೆ ಹಾಕಬೇಡಿ. ಮಗು ಮುಖ ಇಡುವುದು ಅಲ್ಲಿಯೇ.

ಮದುವೆ, ಗೃಹಪ್ರವೇಶಕ್ಕೆ ಸ್ವಲ್ಪ ಧಾರಾಳ ಆಗಬಹುದು. ಕಲ್ಯಾಣ ಮಂಟಪದಲ್ಲಿ ಮಲ್ಲಿಗೆ, ಊದುಬತ್ತಿ, ಅಡುಗೆಯ ಒಗ್ಗರಣೆ ಎಲ್ಲ ಸೇರಿ ಗಾಳಿಯೇ ಭಾರವಾಗಿರುತ್ತದೆ. ನಮ್ಮ ಕಡೆ ಹಡಗಲಿ ಮಲ್ಲಿಗೆ ಎಂದರೆ ಬೇರೆಯೇ ಗೌರವ, ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಮನೆಯ ಹೆಂಗಸರು ಅದನ್ನು ಮುಡಿದು ಅದೇ ಕಾರಿನಲ್ಲಿ ಕೂತಿರುವಾಗ ನೀವು ನೀಲಿ ಬಾಟಲಿಯ ಚುರುಕು ಸೆಂಟು ಹೊಡೆದುಕೊಂಡರೆ ಎರಡೂ ಜಗಳ ಆಡುತ್ತವೆ. ಮಲ್ಲಿಗೆಯ ಪಕ್ಕ ಗಂಧ ಹಾಕಿ. ಎಷ್ಟು ಚೆಂದ ಹೊಂದುತ್ತದೆ ಎಂದು ನೀವೇ ನೋಡಿ.

ಪೂಜೆ, ಜಾತ್ರೆಗೆ ಹೋಗುವವರು ಇದನ್ನು ಮರೆಯಬಾರದು: ಪರ್ಫ್ಯೂಮಿನ ಬಹುಪಾಲು ಆಲ್ಕೋಹಾಲ್, ಡಿಯೋದಲ್ಲಿ ಉರಿಯುವ ಗ್ಯಾಸ್ ಇರುತ್ತದೆ. ಹಚ್ಚಿದ ದೀಪ, ಕರ್ಪೂರ, ಗ್ಯಾಸ್ ಒಲೆಯ ಹತ್ತಿರ ಒತ್ತಬೇಡಿ. ಹಾಕಿ ಪೂರ್ತಿ ಆರಿದ ಮೇಲೆ ಆರತಿಗೆ ನಿಲ್ಲಿ. ಆಲ್ಕೋಹಾಲ್ ಬೇಡ ಎನ್ನುವವರಿಗೆ ಅತ್ತರು ಇದೆ. ಒಂದು ಹನಿಯನ್ನು ಬೆರಳಿಗೆ ತೆಗೆದು ಎದೆಗೆ, ಕಿವಿಯ ಹಿಂದೆ ಮುಟ್ಟಿಸಿದರೆ ಸಾಕು. ಮೈಗೆ ಅಂಟಿಕೊಂಡೇ ಇರುತ್ತದೆ, ದೂರಕ್ಕೆ ಹರಡುವುದಿಲ್ಲ. ದಿನನಿತ್ಯಕ್ಕೆ ಇದು ತುಂಬಾ ಒಳ್ಳೆಯ ಆಯ್ಕೆ. ಬಟ್ಟೆಗೆ ಮಾತ್ರ ಕಲೆ ಆಗದ ಹಾಗೆ ನೋಡಿಕೊಳ್ಳಿ.

ಮಧ್ಯಾಹ್ನದ ಮೇಲೆ

ಒಂದು ಸಂಗತಿ ತಿಳಿದಿರಲಿ. ಒಂದೇ ವಾಸನೆಯನ್ನು ಸ್ವಲ್ಪ ಹೊತ್ತು ಮೂಸುತ್ತಿದ್ದರೆ ಮೂಗು ಅದಕ್ಕೆ ಒಗ್ಗಿ, ಗಮನಿಸುವುದನ್ನೇ ಬಿಡುತ್ತದೆ. ನಿಮಗೆ ತಿಳಿಯುತ್ತಿಲ್ಲ ಎಂದರೆ ಘಮ ಹೋಗಿದೆ ಎಂದೇನೂ ಅಲ್ಲ. ಮತ್ತೆ ಹಾಕುವ ಮುಂಚೆ ಜೊತೆಗೆ ಕೆಲಸ ಮಾಡುವವರನ್ನು ಕೇಳಿ. ಅಥವಾ ಹೊರಗೆ ಹೋಗಿ ಟೀ ಕುಡಿದು ಬಂದು ಅಂಗಿಯ ಕಾಲರ್ ಮೂಸಿ.

ನಿಜವಾಗಿಯೂ ಹೋಗಿದ್ದರೆ, ಬೆವರಿನ ಮೇಲೆ ಹಾಗೇ ಹೊಡೆಯಬೇಡಿ. ಕರ್ಚೀಫ್ ಒದ್ದೆ ಮಾಡಿ ಕತ್ತು, ಎದೆ ಒರೆಸಿ, ಆರಲು ಬಿಟ್ಟು, ಒಂದೇ ಒಂದು ಒತ್ತು ಹಾಕಿ. ಇದಕ್ಕೆ 5 ಮಿಲಿಯ ಪುಟ್ಟ ಸ್ಪ್ರೇ ಬಾಟಲಿಗೆ ಮನೆಯಿಂದಲೇ ತುಂಬಿಸಿಕೊಂಡು ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಬ್ಯಾಗಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಅಲ್ಲ. ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್ ಎರಡೂ ಸೆಂಟಿಗೆ ಶತ್ರು. ಡಿಯೋ ಡಬ್ಬಿಯಂತೂ ಅಲ್ಲಿ ಇಡಲೇಬಾರದು, 50 ಡಿಗ್ರಿಗಿಂತ ಹೆಚ್ಚು ಬಿಸಿಗೆ ಒಡ್ಡಬೇಡಿ ಎಂದು ಡಬ್ಬಿಯ ಮೇಲೆಯೇ ಬರೆದಿರುತ್ತಾರೆ.

ಬಾಟಲಿ ಇಡುವ ಜಾಗ

ಶಾಖ, ಬೆಳಕು, ಗಾಳಿ ಮೂರೂ ಪರ್ಫ್ಯೂಮನ್ನು ಕೆಡಿಸುತ್ತವೆ. ಕನ್ನಡಿ ಮುಂದೆ ಸಾಲಾಗಿ ಜೋಡಿಸಿದರೆ ಚೆಂದ ಕಾಣುತ್ತದೆ, ಕಿಟಕಿಯ ಬಿಸಿಲು ಬೀಳುವ ಜಾಗವಾದರೆ ಅಷ್ಟೇ ಬೇಗ ಹಾಳಾಗುತ್ತದೆ. ಬಚ್ಚಲುಮನೆಯ ಬಿಸಿ ಹಬೆಯೂ ಬೇಡ. ಅದು ಬಂದ ಬಾಕ್ಸಿನಲ್ಲೇ, ಬಟ್ಟೆಯ ಕಪಾಟಿನ ಕೆಳಗಿನ ಅರೆಯಲ್ಲಿ ಮುಚ್ಚಳ ಹಾಕಿ ಇಡಿ. ತಾರಸಿ ಮನೆಯ ಮೇಲಿನ ಮಹಡಿ ಬೇಸಿಗೆಯಲ್ಲಿ ಒಲೆಯ ಹಾಗೆ ಕಾಯುತ್ತದೆ ಎಂದಾದರೆ ಕೆಳಗಿನ ಕೋಣೆಗೆ ಸಾಗಿಸಿ. ಹೀಗಿಟ್ಟರೆ ಮೂರು ನಾಲ್ಕು ವರ್ಷ ಚೆನ್ನಾಗಿಯೇ ಇರುತ್ತದೆ.

ಹೊಸ ಬಾಟಲಿಯನ್ನು ಮೊದಲ ಸಲ ಬಳಸುವಾಗ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಾಕಿ ಒಂದು ದಿನ ಬಿಡಿ. ತುರಿಕೆ, ಕೆಂಪು ಗುಳ್ಳೆ ಬಂದರೆ ಅದು ನಿಮ್ಮ ಮೈಗೆ ಆಗುವುದಿಲ್ಲ, ಬಟ್ಟೆಗೆ ಮಾತ್ರ ಬಳಸಿ ಅಥವಾ ಬಿಟ್ಟುಬಿಡಿ. ಹಳೆಯ ಬಾಟಲಿಯಲ್ಲಿ ಒತ್ತಿದ ಕೂಡಲೇ ಹುಳಿ ವಾಸನೆ, ವಿನೆಗರಿನ ಹಾಗೆ ಬಂದರೆ ಅದು ಕೆಟ್ಟಿದೆ. ಬಣ್ಣ ಗಾಢವಾದದ್ದು ಮಾತ್ರಕ್ಕೆ ಎಸೆಯಬೇಡಿ, ವೆನಿಲಾ ಇರುವ ಸೆಂಟು ತಾನಾಗಿಯೇ ಕಪ್ಪಾಗುತ್ತದೆ. ಮೂಸಿ ನೋಡಿ ತೀರ್ಮಾನ ಮಾಡಿ.